ಸೌಂಡಿಗೆ ಹಾಕ್ತೀರೋ, ಸ್ಪೀಡಿಗೆ ಹಾಕ್ತೀರೋ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. 2015ರ ಸುಬಾರು ಬಿಆರ್‌ಜೆಡ್, ಮ್ಯಾನುಯಲ್ ಗೇರ್. ಏರ್ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಎಳೆದುಕೊಡುವ ಭಾಗ) ಬದಲಿಸಬೇಕು ಅಂತಿದ್ದೇನೆ. ಕಾರಿನ ಜೊತೆಗೇ ಬಂದ ಕಂಪನಿ ಡಬ್ಬಿಯೊಳಗೇ ಒಳ್ಳೆಯ ಫಿಲ್ಟರ್ ಹಾಕಿದರೆ ಸಾಕಾ? ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಕೂರಿಸಲಾ? ಅಥವಾ ಬಂಪರ್‌ವರೆಗೆ ಇಳಿಯುವ ಉದ್ದದ ಪೈಪ್ ಇರುವ ಕೋಲ್ಡ್ ಏರ್ ಕಿಟ್ ತಗೊಳ್ಳಲಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಮೂರರಲ್ಲಿ ಯಾವುದು ಅನ್ನುವ ಮೊದಲು ಒಂದು ವಿಷಯ. ನಿಮ್ಮ ಕಾರಿನ ಕಂಪನಿ ಡಬ್ಬಿಯೇ ಒಂದು ಕೋಲ್ಡ್ ಏರ್ ಇನ್‌ಟೇಕ್. ಬಾನೆಟ್ ಎತ್ತಿ ನೋಡಿ. ಅದರ ಮೂತಿ ಮುಂದಿನ ಗ್ರಿಲ್ ಕಡೆಗಿದೆ, ರೇಡಿಯೇಟರ್ ದಾಟದ ತಣ್ಣನೆ ಗಾಳಿಯನ್ನೇ ಎಳೆಯುತ್ತದೆ. ನೀವು ದುಡ್ಡು ಕೊಟ್ಟು ತರಲು ಹೊರಟಿರುವುದು ಆಗಲೇ ಮನೆಯಲ್ಲಿದೆ, ಅಲ್ವಾ?

ಹಾಗಂತ ಅದರಲ್ಲಿ ತಡೆ ಇಲ್ಲವೇ ಇಲ್ಲ ಅಂತಲ್ಲ. ನಿಮ್ಮ 2 ಲೀಟರ್ ಎಂಜಿನ್ 200 ಎಚ್‌ಪಿ ಕೊಡುವುದು 7000 ಆರ್‌ಪಿಎಂನಲ್ಲಿ. ಎರಡು ಸುತ್ತಿಗೆ ಒಮ್ಮೆ 2 ಲೀಟರ್ ಗಾಳಿ ಎಳೆಯುತ್ತದೆ ಅಂದರೆ ನಿಮಿಷಕ್ಕೆ ಸುಮಾರು 7000 ಲೀಟರ್. ಊರಲ್ಲಿ ತಾರಸಿ ಮೇಲೆ ಸಾವಿರ ಲೀಟರ್‌ನ ಕಪ್ಪು ಟ್ಯಾಂಕ್ ಇರುತ್ತದಲ್ಲ, ಅಂಥ ಏಳು ಟ್ಯಾಂಕ್ ಗಾಳಿ, ಒಂದೇ ನಿಮಿಷಕ್ಕೆ. ಇಷ್ಟು ಗಾಳಿ ಹರಿಯುವಾಗ ಪೈಪು, ಫಿಲ್ಟರ್, ಪ್ರತಿಯೊಂದು ತಿರುವೂ ಚೂರು ಚೂರು ತಡೆಯುತ್ತವೆ. ಎಷ್ಟು ಅನ್ನುವುದೇ ಪ್ರಶ್ನೆ. ಅದನ್ನು ನೀವೇ ಅಳೆಯಬಹುದು.

ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಹಿಡಿಯುತ್ತಾರಲ್ಲ, ಆ ಥರದ ಪಾರದರ್ಶಕ ಪೈಪು ತನ್ನಿ. ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ ಬಣ್ಣದ ನೀರು ತುಂಬಿಸಿ. ಒಂದು ತುದಿ ಕ್ಯಾಬಿನ್‌ನಲ್ಲೇ ತೆರೆದಿರಲಿ. ಇನ್ನೊಂದನ್ನು ಫಿಲ್ಟರ್ ಆದ ಮೇಲೆ, ಥ್ರಾಟಲ್‌ಗಿಂತ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿ ಬಾಗಿಲು) ಮೊದಲು ಸೇರಿಸಿ. ಹಲಗೆ ಒಂದು ಮೀಟರ್ ಎತ್ತರ ಇರಲಿ, ಇಲ್ಲದಿದ್ದರೆ ನೀರು ಎಂಜಿನ್ ಒಳಗೇ ಹೋದೀತು. ಎರಡನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ 7000ಕ್ಕೆ ಒಯ್ಯಿರಿ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ವಿಡಿಯೊ ಮಾಡಲಿ. ನೀರಿನ ಮಟ್ಟದಲ್ಲಿ 10 ಸೆಂ.ಮೀ. ವ್ಯತ್ಯಾಸ ಬಂದರೆ ಹೆಚ್ಚುಕಮ್ಮಿ 1 ಕಿಲೋಪಾಸ್ಕಲ್, ಅಂದರೆ ವಾತಾವರಣದ ಒತ್ತಡದಲ್ಲಿ ಶೇ 1. 20 ಸೆಂ.ಮೀ. ಬಂತು ಅಂದುಕೊಳ್ಳಿ. ಜಗತ್ತಿನಲ್ಲೇ ಅತಿ ಒಳ್ಳೆಯ ಇನ್‌ಟೇಕ್ ಹಾಕಿ ಆ ತಡೆಯನ್ನು ಸೊನ್ನೆ ಮಾಡಿದರೂ ಸಿಗುವುದು ಸುಮಾರು ಶೇ 2. 200ಕ್ಕೆ 4 ಎಚ್‌ಪಿ. ಅದಕ್ಕಿಂತ ಜಾಸ್ತಿ ಬರೆದಿರುವ ಕಿಟ್ ಕಂಡರೆ ನಕ್ಕು ಮುಂದೆ ಹೋಗಿ.

ಪೈಪಿನ ತುದಿಯನ್ನು ಫಿಲ್ಟರ್‌ಗಿಂತ ಮೊದಲು ಇಟ್ಟು ಇನ್ನೊಮ್ಮೆ ಅಳೆಯಿರಿ. ತಡೆ ಮೂತಿಯಲ್ಲಿದೆಯೋ ಫಿಲ್ಟರ್‌ನಲ್ಲಿದೆಯೋ ಗೊತ್ತಾಗುತ್ತದೆ. ಫಿಲ್ಟರ್‌ನಲ್ಲೇ ಇದ್ದರೆ ಹೊಸ ಪೇಪರ್ ಫಿಲ್ಟರ್ ಹಾಕಿ ಸುಮ್ನೆ ಇದ್ದುಬಿಡಿ.

ಈಗ ಕೋನ್ ಫಿಲ್ಟರ್ ಮಾತು. ಟ್ರಾಫಿಕ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಗಾಳಿ ಸಲೀಸಾಗಿ 60 ಡಿಗ್ರಿ ಮುಟ್ಟುತ್ತದೆ. ಹೊರಗೆ 25 ಡಿಗ್ರಿ ಇದ್ದರೆ, ಒಳಗಿನ ಗಾಳಿ ಅದಕ್ಕಿಂತ ಶೇ 10ರಷ್ಟು ತೆಳು. 4 ಎಚ್‌ಪಿ ಗಳಿಸಲು ಹೋಗಿ 20 ಎಚ್‌ಪಿ ಕಳೆದುಕೊಂಡ ಲೆಕ್ಕ. ಮೇಲಾಗಿ ನಿಮ್ಮ ಎಂಜಿನ್‌ನ ಕಂಪ್ರೆಶನ್ 12.5, ಅಂದರೆ ಗಾಳಿಯನ್ನು ಅಷ್ಟು ಪಟ್ಟು ಅದುಮುತ್ತದೆ. ಬಿಸಿ ಗಾಳಿ ಬಂದರೆ, ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದಿರಲಿ ಅಂತ ಕಂಪ್ಯೂಟರ್ ಸ್ಪಾರ್ಕ್ ತಡ ಮಾಡುತ್ತದೆ, ಇನ್ನೂ ಒಂದಿಷ್ಟು ಹೋಯಿತು. ಕಾರು ಓಡಲು ಶುರುವಾದರೆ ಗಾಳಿ ಬೇಗ ತಣ್ಣಗಾಗುತ್ತದೆ, ಅದೂ ನಿಜ. ಆದರೆ ನೀವಿರುವುದು ಬೇ ಏರಿಯಾದಲ್ಲಿ, ಅಲ್ಲಿನ ಟ್ರಾಫಿಕ್ ನಿಮಗೇ ಗೊತ್ತು.

ಉದ್ದದ ಪೈಪಿನಲ್ಲಿ ಬೇರೆ ಕಿರಿಕಿರಿ. ಫಿಲ್ಟರ್ ದಾಟಿದ ಕೂಡಲೇ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಒಂದು ಸಣ್ಣ ಬಿಸಿ ತಂತಿ, ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡುತ್ತದೆ ಎಂಬುದರ ಮೇಲೆ ಕಂಪ್ಯೂಟರ್ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಕೂಡುವುದು ಮೂಲ ಪೈಪಿನ ಅಗಲಕ್ಕೆ ಮಾತ್ರ. ಕಿಟ್‌ನ ಪೈಪು ತುಸು ಅಗಲವಾದರೆ ತಂತಿಯ ಹತ್ತಿರ ಗಾಳಿ ನಿಧಾನವಾಗುತ್ತದೆ. ಗಾಳಿ ಕಮ್ಮಿ ಬಂತು ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಕೊಡುತ್ತದೆ. ಒಂದು ದಿನ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಕೋಡ್ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಇಲ್ಲೇ ಒಂದು ಚಮತ್ಕಾರವೂ ಇದೆ. ಕಂಪನಿಗಳು ಪೂರ್ತಿ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಸ್ವಲ್ಪ ಧಾರಾಳವಾಗಿಯೇ ಕೊಟ್ಟಿರುತ್ತವೆ. ಅದು ಕಮ್ಮಿಯಾದಾಗ ಡೈನೊ (ಎಚ್‌ಪಿ ಅಳೆಯುವ ಯಂತ್ರ) ಮೇಲೆ ನಾಲ್ಕಾರು ಎಚ್‌ಪಿ ಏರುತ್ತದೆ. ಜಾಹೀರಾತಿನ ಗ್ರಾಫ್‌ನಲ್ಲಿ ಕಾಣುವ ಲಾಭದಲ್ಲಿ ಎಷ್ಟೋ ಸಲ ಇದರದ್ದೇ ಪಾಲು. ಎಂಜಿನ್ ಸುರಕ್ಷತೆಗೆ ಇಟ್ಟಿದ್ದ ಅಂಚನ್ನು ತಿಂದು ಪಡೆದ ಲಾಭ ಅದು. ಟ್ಯೂನ್ ಮಾಡಿಸದೆ, ಅಂದರೆ ಕಂಪ್ಯೂಟರ್‌ನ ಲೆಕ್ಕವನ್ನು ಹೊಸ ಪೈಪಿಗೆ ಹೊಂದಿಸದೆ, ಇಂಥದ್ದನ್ನು ಹಾಕಬೇಡಿ.

ಕಾನೂನೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇನ್‌ಟೇಕ್ ಕಿಟ್‌ಗೆ ಕಾರ್ಬ್‌ನ (ಅಲ್ಲಿನ ವಾಯುಮಾಲಿನ್ಯ ನಿಯಂತ್ರಣ ಮಂಡಳಿ) ಇಒ ನಂಬರ್, ಅಂದರೆ ಒಪ್ಪಿಗೆ ಸಂಖ್ಯೆ, ಬೇಕು. ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಮಾಡುವವರು ಬಾನೆಟ್ ಎತ್ತಿ ಆ ಸ್ಟಿಕ್ಕರ್ ಹುಡುಕುತ್ತಾರೆ. ಇಲ್ಲದಿದ್ದರೆ ಫೇಲ್.

ಹಾಗಾಗಿ ನನ್ನ ಅಭಿಪ್ರಾಯ: ಕಂಪನಿ ಡಬ್ಬಿ ಇರಲಿ, ಒಳಗೆ ಹೊಸ ಫಿಲ್ಟರ್ ಹಾಕಿ. ನಿಮ್ಮ ಕಾರಿನ ನಿಜವಾದ ಕೊರತೆ 3500ರಿಂದ 4500 ಆರ್‌ಪಿಎಂ ನಡುವೆ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಕುಸಿಯುವುದು. ಅದಕ್ಕೆ ಮದ್ದು ಎಕ್ಸಾಸ್ಟ್ ಹೆಡರ್ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಪೈಪುಗಳು) ಮತ್ತು ಟ್ಯೂನ್, ಇನ್‌ಟೇಕ್ ಅಲ್ಲ. ಆದರೆ ಹೆಡರ್‌ಗೂ ಅದೇ ಇಒ ನಂಬರ್ ಬೇಕು, ಅದನ್ನು ನೋಡಿಯೇ ಕೊಂಡುಕೊಳ್ಳಿ. ಸೌಂಡ್ ಬೇಕು ಅಂತಲೇ ಇನ್‌ಟೇಕ್ ಹಾಕುವುದಾದರೆ ನನ್ನ ತಕರಾರಿಲ್ಲ. ಸ್ಪೋರ್ಟ್ಸ್ ಕಾರ್ ಕೊಂಡದ್ದೇ ಖುಷಿಗೆ. ಸುಬಾರುನವರೇ ಇನ್‌ಟೇಕ್ ಸದ್ದನ್ನು ಒಂದು ನಳಿಗೆಯಲ್ಲಿ ಕ್ಯಾಬಿನ್ ಕಡೆ ತಂದುಕೊಟ್ಟಿದ್ದಾರೆ. ಇನ್ನೂ ಬೇಕಾದರೆ ಇಒ ನಂಬರ್ ಇರುವ, ಸುತ್ತ ಗೋಡೆ ಕಟ್ಟಿದ ಮುಚ್ಚಿದ ಡಬ್ಬಿಯ ಕಿಟ್ ತಗೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ 2014ರ ಪೋಲೊ ಜಿಟಿ ಟಿಎಸ್‌ಐ ಓಡಿಸುತ್ತೇನೆ. ಕೋನ್ ಫಿಲ್ಟರ್ ಹಾಕಿದರೆ 15 ಎಚ್‌ಪಿ ಏರುತ್ತದೆ ಎಂದು ಗ್ಯಾರೇಜಿನವರು ಹೇಳಿದರು. ನಿಜವೇ?

ಉತ್ತರ: ಇಲ್ಲ. ನಿಮ್ಮ ಕಾರಿನ 105ಕ್ಕೆ 15 ಅಂದರೆ ಶೇ 14. ನಿಮ್ಮದು ಟರ್ಬೊ ಎಂಜಿನ್. ಎಷ್ಟು ಬೂಸ್ಟ್ (ಟರ್ಬೊ ಗಾಳಿಯನ್ನು ಒಳಗೆ ತಳ್ಳುವ ಒತ್ತಡ) ಬೇಕು ಅಂತ ಕಂಪ್ಯೂಟರ್ ಮೊದಲೇ ನಿಗದಿ ಮಾಡಿರುತ್ತದೆ. ಮುಂದೆ ತಡೆ ಕಮ್ಮಿಯಾದರೆ ಟರ್ಬೊಗೆ ಶ್ರಮ ಸ್ವಲ್ಪ ಕಮ್ಮಿ, ಅಷ್ಟೇ. ಬೂಸ್ಟ್ ಅಲ್ಲೇ ನಿಲ್ಲುತ್ತದೆ. ರೀಮ್ಯಾಪ್ ಆದ, ಅಂದರೆ ಕಂಪ್ಯೂಟರ್‌ನ ಆ ಲೆಕ್ಕವನ್ನೇ ಬದಲಿಸಿದ ಕಾರಿನಲ್ಲಿ ದೊಡ್ಡ ಇನ್‌ಟೇಕ್‌ಗೆ ಅರ್ಥ ಬರಬಹುದು. ನಿಮಗೆ ಸಿಗುವುದು ಟರ್ಬೊದ ಸುಯ್ ಎನ್ನುವ ಸದ್ದು. ಅದು ಮೊದಲೂ ಇತ್ತು, ಡಬ್ಬಿ ಮುಚ್ಚಿಟ್ಟಿತ್ತು.

ಬಂಪರ್ ಹಿಂದೆ ಕೆಳಗೆ ಫಿಲ್ಟರ್ ಇಡುವ ಕಿಟ್ ಮಾತ್ರ ಬೇಡವೇ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಕೆರೆಯಾದದ್ದು ನೆನಪಿದೆಯಲ್ಲ? ಮಳೆಗಾಲದಲ್ಲಿ ಹೀಗೆ ನೀರು ಕುಡಿದ ಒಂದು ಕಾರನ್ನು ನಾನು ಬಿಚ್ಚಿದ್ದೆ. ಫಿಲ್ಟರ್ ಒದ್ದೆ ಸ್ಪಂಜಿನ ಹಾಗಿತ್ತು, ಮೂರನೇ ಸಿಲಿಂಡರ್‌ನ ಕನೆಕ್ಟಿಂಗ್ ರಾಡ್ ಬಾಗಿದ ಚಮಚದ ಹಾಗೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ನೀರಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ. ಏನೇ ಬದಲಾವಣೆ ಮಾಡಿಸಿದರೂ ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ.

ಪ್ರಶ್ನೆ: ತೊಳೆದು ಬಳಸುವ ಹತ್ತಿಯ ಫಿಲ್ಟರ್‌ಗೆ ಎಷ್ಟು ಎಣ್ಣೆ ಹಾಕಬೇಕು?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಕಮ್ಮಿ. ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಮಡಿಕೆಯ ತುದಿಗುಂಟ ಒಂದು ಗೆರೆ ಎಣ್ಣೆ, 20 ನಿಮಿಷ ಬಿಡಿ, ಬಣ್ಣ ಹರಡದ ಕಡೆ ಮಾತ್ರ ಇನ್ನೊಂದು ಹನಿ. ಜಾಸ್ತಿ ಎಣ್ಣೆ ಹಾರಿ ಸೆನ್ಸರ್ ತಂತಿಗೆ ಅಂಟುತ್ತದೆ. ಆಗಲೇ ಅಂಟಿದ್ದರೆ ಅದಕ್ಕೆಂದೇ ಇರುವ ಸ್ಪ್ರೇ ಹೊಡೆಯಿರಿ, ಬಟ್ಟೆಯಲ್ಲಿ ಒರೆಸಲು ಹೋಗಬೇಡಿ.