ಬಾಯಿ ಒಣಗಿಸುವ ಗುಳಿಗೆಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಐದು ಪತ್ರಗಳು ಐದು ಬೇರೆ ಕಾಯಿಲೆಯವು. ಆದರೂ ಒಟ್ಟಿಗೆ ಇಟ್ಟಿದ್ದೇವೆ, ಯಾಕೆಂದರೆ ಐದರಲ್ಲೂ ಬರುವ ಔಷಧ ಒಂದೇ ಜಾತಿಯದು. ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ನಮ್ಮ ನರಗಳಿಂದ ಜೊಲ್ಲಿನ ಗ್ರಂಥಿ, ಬೆವರಿನ ಗ್ರಂಥಿ, ಕರುಳು, ಮೂತ್ರಚೀಲ, ಕಣ್ಣಿನ ಪಾಪೆಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿ ತಡೆಯುವ ಔಷಧಗಳಿಗೆ ಆಂಟಿಕೋಲಿನರ್ಜಿಕ್ ಎಂದು ಹೆಸರು. ಬೇಕಾದದ್ದು ಒಂದು ಅಂಗದಲ್ಲಿ ಮಾತ್ರ, ತಡೆ ಬೀಳುವುದು ಎಲ್ಲ ಕಡೆ.

ಪ್ರಶ್ನೆ: ನಮ್ಮ ಅವ್ವಗ 72 ವರ್ಷ, ಸಕ್ಕರೆ ಕಾಯಿಲೆ ಐತಿ. ಮೂತ್ರ ತಡಕೊಳ್ಳಾಕ ಆಗೂದಿಲ್ಲ ಅಂತ ಸೊಲಿಫೆನಾಸಿನ್ 5 ಮಿ.ಗ್ರಾಂ ಬರೆದಾರ. ಕಾಲು ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ನಡದೈತಿ. ಹೋದ ವಾರ ನೆಗಡಿಗೆ ಅಂಗಡ್ಯಾಗಿಂದ ಗುಳಿಗಿ ತಂದು ಕೊಟ್ವಿ. ಮೂರನೇ ರಾತ್ರಿಯಿಂದ ಗ್ವಾಡಿ ಮ್ಯಾಲೆ ಇರುವಿ ಹರದಾಡಾಕತ್ಯಾವ ಅಂತಾಳ. ಹಗಲೊತ್ತು ಬರೋಬ್ಬರಿ ಇರ್ತಾಳ. ಅರುಳುಮರುಳು ಶುರುವಾತೇನ್ರಿ? (ವಿದ್ಯಾನಗರ, ಹುಬ್ಬಳ್ಳಿ)

ಅರುಳುಮರುಳು ಮೂರು ದಿನದಲ್ಲಿ ಬರುವುದಿಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ದಿಢೀರನೆ ಬಂದು, ರಾತ್ರಿ ಹೆಚ್ಚಾಗಿ ಹಗಲು ಇಳಿಯುವ ಗೊಂದಲಕ್ಕೆ ಕಾರಣ ಸಾಮಾನ್ಯವಾಗಿ ದೇಹದಲ್ಲೇ ಬೇರೆ ಕಡೆ ಇರುತ್ತದೆ. ನಿಮ್ಮ ಪತ್ರದಲ್ಲಿ ಕಾರಣ ಎದ್ದು ಕಾಣುತ್ತಿದೆ. ಸೊಲಿಫೆನಾಸಿನ್ ಒಂದು, ಅಮಿಟ್ರಿಪ್ಟಿಲಿನ್ ಎರಡು, ನೆಗಡಿ ಗುಳಿಗೆಯಲ್ಲಿ ಬಹುಮಟ್ಟಿಗೆ ಇರುವ ಕ್ಲೋರ್‌ಫೆನಿರಮಿನ್ ಮೂರು. ಮೂರೂ ಅಸಿಟೈಲ್‌ಕೋಲಿನ್ ತಡೆಯುವಂಥವೇ. ಒಂದೊಂದರ ಪ್ರಮಾಣ ಸಣ್ಣದು, ಬರೆದುಕೊಟ್ಟವರು ಬೇರೆ ಬೇರೆ. ಕೂಡಿಸಿ ಲೆಕ್ಕ ಹಾಕಿದವರು ಯಾರೂ ಇಲ್ಲ. ವಯಸ್ಸಾದ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಮೊದಲೇ ಕಡಿಮೆ, ಅದರ ಮೇಲೆ ಮೂರು ಬೀಗ ಬಿದ್ದರೆ ಇರುವೆ ಕಾಣುವುದು ಆಶ್ಚರ್ಯವಲ್ಲ.

ನೆಗಡಿ ಗುಳಿಗೆ ಇವತ್ತೇ ನಿಲ್ಲಿಸಿ. ಉಳಿದೆರಡನ್ನು ನೀವಾಗಿ ನಿಲ್ಲಿಸಬೇಡಿ, ಆದರೆ ನಾಳೆಯೇ ವೈದ್ಯರಿಗೆ ತೋರಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಸಿರಪ್, ಕಣ್ಣಿನ ಹನಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಚೀಟಿಗಿಂತ ಚೀಲ ಹೆಚ್ಚು ನಿಜ ಹೇಳುತ್ತದೆ. ಗೊಂದಲಕ್ಕೆ ಮೂತ್ರದ ಸೋಂಕು, ಸಕ್ಕರೆ ಇಳಿಯುವುದು, ಸೋಡಿಯಂ ಕಡಿಮೆಯಾಗುವುದೂ ಕಾರಣವಾಗಬಹುದು, ಆದ್ದರಿಂದ ತಪ್ಪನ್ನೆಲ್ಲ ಗುಳಿಗೆಯ ತಲೆಗೆ ಕಟ್ಟದೆ ಅವನ್ನೂ ಪರೀಕ್ಷಿಸಬೇಕು. ಸೊಲಿಫೆನಾಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡರಿಂದ ಮೂರು ದಿನ ಬೇಕು. ವೈದ್ಯರು ನಿಲ್ಲಿಸಿದರೂ ಮರುದಿನವೇ ಎಲ್ಲ ಸರಿಹೋಗುವುದಿಲ್ಲ. ಆ ದಿನಗಳಲ್ಲಿ ರಾತ್ರಿ ಸಣ್ಣ ದೀಪ ಹಚ್ಚಿಡಿ, ಒಬ್ಬರು ಹತ್ತಿರ ಮಲಗಿ. ಕತ್ತಲಲ್ಲಿ ಎದ್ದು ಬೀಳುವ ಭಯ ಹೆಚ್ಚು.

ಮೂತ್ರದ ಅವಸರಕ್ಕೆ ಮಿರಾಬೆಗ್ರಾನ್ ಎಂಬ ಬೇರೆ ಜಾತಿಯ ಗುಳಿಗೆ ಇದೆ. ಅದು ಬಾಯಿ ಒಣಗಿಸುವುದು ಕಡಿಮೆ, ಆದರೆ ಬಿಪಿ ಏರಿಸಬಹುದು, ನೋಡಿಕೊಳ್ಳುತ್ತಿರಬೇಕು. ಮುಂದೆ ನೆಗಡಿ ಬಂದರೆ ಉಪ್ಪುನೀರಿನ ಮೂಗಿನ ಹನಿ, ಬರಿ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಲ್ಲಿ “ನೆಗಡಿ ಗುಳಿಗಿ ಕೊಡ್ರಿ” ಅನ್ನಬೇಡಿ, ಹೆಸರು ಹೇಳಿ ಕೇಳಿ.

ಪ್ರಶ್ನೆ: ನನ್ನ ತಮ್ಮ ಎರಡು ವರ್ಷದಿಂದ ಮನಸ್ಸಿನ ಕಾಯಿಲೆಗೆ ರಿಸ್ಪೆರಿಡಾನ್ ಗುಳಿಗಿ ತೊಗೋತಾನ, ಜೊತಿಗೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ಸೇರೇತಿ. ಈಗ ಅರಾಮ ಅದಾನ. ಆದರ ಬಾಯಿ ಒಣಗಿ ರೊಟ್ಟಿ ಇಳಿಯೂದಿಲ್ಲ, ನಾಕ್ನಾಕು ದಿನ ಸಂಡಾಸ ಆಗೂದಿಲ್ಲ, ಮೊಬೈಲ್ ಅಕ್ಷರ ಮಬ್ಬು. ಬ್ಯಾಸಗಿ ಬಂತು, ಹೊಲದ ಕೆಲಸ ಐತಿ. ಆ ಎರಡನೇ ಗುಳಿಗಿ ಬಿಡಿಸಬಹುದೇನು? (ಗದಗ ತಾಲ್ಲೂಕು)

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ. ನಮ್ಮಲ್ಲಿ ಈ ಎರಡೂ ಔಷಧ ಸೇರಿಸಿದ ಒಂದೇ ಗುಳಿಗೆ ಬಹಳ ಓಡುತ್ತದೆ, ಹೆಸರಿನ ಕೊನೆಗೆ ಪ್ಲಸ್ ಅಂತಲೋ ಏನೋ ಇರುತ್ತದೆ. ನಿಮ್ಮ ತಮ್ಮನದು ಅಂಥದ್ದಾದರೆ “ಎರಡನೇದು ಬಿಡಿಸ್ತೀವಿ” ಅಂತ ಹೊರಟು ಕಾಯಿಲೆಯ ಮೂಲ ಔಷಧವನ್ನೇ ಬಿಡಿಸಿದಂತಾಗುತ್ತದೆ. ಈ ತಪ್ಪಿನಿಂದ ಕಾಯಿಲೆ ತಿರುಗಿ ಬಂದ ಮನೆಗಳು ಕಡಿಮೆಯಿಲ್ಲ.

ಎರಡನೆಯದು ಯಾಕೆ ಕೊಟ್ಟಿರುತ್ತಾರೆ ಅಂದರೆ, ರಿಸ್ಪೆರಿಡಾನ್ ಮಿದುಳಿನಲ್ಲಿ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕದ ಸುದ್ದಿ ತಡೆಯುತ್ತದೆ. ಆಗ ಕೆಲವರಿಗೆ ಕೈ ನಡುಗುತ್ತದೆ, ಮೈ ಬಿಗಿಯಾಗುತ್ತದೆ, ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ. ಟ್ರೈಹೆಕ್ಸಿಫೆನಿಡಿಲ್ ಅದಕ್ಕೆ ಮದ್ದು, ಮನಸ್ಸಿನ ಕಾಯಿಲೆಗಲ್ಲ. ಎಲ್ಲರಿಗೂ ಜೀವನಪರ್ಯಂತ ಬೇಕೆಂದೂ ಇಲ್ಲ. ಸುಮಾರು ಮೂರು ತಿಂಗಳ ನಂತರ ನಿಧಾನ ಇಳಿಸಿ ನೋಡುವುದು ವೈದ್ಯರ ರೂಢಿ. ಎರಡು ವರ್ಷ ಯಾರೂ ಕೇಳದೆ ಮುಂದುವರಿದಿದ್ದರೆ ನೀವು ಕೇಳುವುದು ನ್ಯಾಯವೇ. ಆದರೆ ಒಮ್ಮೆಲೇ ನಿಲ್ಲಿಸಿದರೆ ಜೊಲ್ಲು, ಬೆವರು, ಓಕರಿಕೆ, ನಿದ್ದೆಗೆಡುವುದು, ಬಿಗಿತ ತಿರುಗಿ ಬರುವುದು ಇವೆಲ್ಲ ಆಗಬಹುದು. ಎಷ್ಟೆಷ್ಟು ದಿನಕ್ಕೆ ಎಷ್ಟು ಇಳಿಸಬೇಕು ಎನ್ನುವುದನ್ನು ಬರೆದುಕೊಟ್ಟವರೇ ಹೇಳಬೇಕು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಅಥವಾ ನಿಮ್ಮ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಲು ದಿನ ಹಿಡಿದರೆ ಅಷ್ಟರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಮಾತಾಡಿ.

ಅಲ್ಲಿಯವರೆಗೆ ಕೊಡುವ ಹೊತ್ತು ನೋಡಿಕೊಳ್ಳಿ. ಟ್ರೈಹೆಕ್ಸಿಫೆನಿಡಿಲ್ ಬೇರೆ ಗುಳಿಗೆಯಾಗಿದ್ದರೆ ರಾತ್ರಿ ಕೊಡದೆ ಬೆಳಗ್ಗೆ ಅಥವಾ ಮಧ್ಯಾಹ್ನ ಕೊಡಲು ಬರುತ್ತದೆಯೇ ಕೇಳಿ, ರಾತ್ರಿ ಅದು ನಿದ್ದೆ ಕೆಡಿಸುತ್ತದೆ. ಬಾಯಿ ತುಂಬ ಒಣಗುವವರಿಗೆ ಊಟಕ್ಕೆ ಮುಂಚೆ, ಓಕರಿಕೆ ಬರುವವರಿಗೆ ಊಟವಾದ ಮೇಲೆ. ಗುಟುಕು ಗುಟುಕಾಗಿ ನೀರು, ಮಜ್ಜಿಗೆ ಕೊಡಿ; ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಿ. ಬಾಯಿಗೆ ಪೆಪ್ಪರ್‌ಮಿಂಟ್, ಅಡಿಕೆ ಬೇಡ. ಜೊಲ್ಲಿಲ್ಲದ ಬಾಯಲ್ಲಿ ಸಕ್ಕರೆ ಹಲ್ಲು ತಿನ್ನುತ್ತದೆ. ಮಲಬದ್ಧತೆಗೆ ಇಸಬ್‌ಗೋಲು ಕೊಡುವವರು ಒಂದು ದೊಡ್ಡ ಲೋಟ ನೀರಿನ ಜೊತೆಗೆ ಮಾತ್ರ ಕೊಡಿ. ನೀರಿಲ್ಲದೆ ಕೊಟ್ಟರೆ ನಿಧಾನವಾದ ಕರುಳಿನಲ್ಲಿ ಅದೇ ಗಟ್ಟಿಯಾಗಿ ಕೂರುತ್ತದೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಹೊಲದ ಮಾತು ಎಲ್ಲಕ್ಕಿಂತ ಮುಖ್ಯ. ಟ್ರೈಹೆಕ್ಸಿಫೆನಿಡಿಲ್ ಬೆವರು ನಿಲ್ಲಿಸುತ್ತದೆ. ಬೆವರದ ಮೈ ಬಿಸಿಲಲ್ಲಿ ತಣ್ಣಗಾಗುವುದಿಲ್ಲ, ರಿಸ್ಪೆರಿಡಾನ್ ಕೂಡ ಮೈ ಬಿಸಿಯ ಹತೋಟಿ ಕೆಡಿಸಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ ಕೆಲಸ ಬೆಳಗ್ಗೆ 10ರೊಳಗೆ, ಇಲ್ಲವೇ ಸಂಜೆ. ಪಕ್ಕದವರಿಗೆಲ್ಲ ಅಂಗಿ ತೊಯ್ದಿದ್ದು ನಿಮ್ಮ ತಮ್ಮನ ಅಂಗಿ ಒಣ ಇದ್ದರೆ ಅದೇ ಎಚ್ಚರಿಕೆ. ಚರ್ಮ ಕಾದು, ಮುಖ ಕೆಂಪಾಗಿ, ಮಾತು ತಡವರಿಸಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108 ಕರೆಯಿರಿ.

ಒಂದು ಸೂಕ್ಷ್ಮ ಮಾತು. ಟ್ರೈಹೆಕ್ಸಿಫೆನಿಡಿಲ್ ಹೆಚ್ಚಾದರೆ ಕೆಲವರಿಗೆ ಒಂಥರಾ ಅಮಲು ಬರುತ್ತದೆ, ಅದಕ್ಕೆಂದೇ ಕೇಳಿ ತೆಗೆದುಕೊಳ್ಳುವವರೂ ಇದ್ದಾರೆ. ಸ್ಟ್ರಿಪ್ ಮನೆಯ ಹಿರಿಯರ ಕೈಯಲ್ಲಿರಲಿ.

ಪ್ರಶ್ನೆ: ಅಪ್ಪಾರಿಗೆ 66, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನಡದೈತಿ. ಮದುವಿ ಊಟ ಮಾಡಿ ಹೊಟ್ಟಿ ತಿರುಚಿತು ಅಂತ ಡೈಸೈಕ್ಲೋಮಿನ್ ಗುಳಿಗಿ, ನೆಗಡಿಗೊಂದು ಗುಳಿಗಿ ತೊಗೊಂಡ್ರು. ರಾತ್ರಿ ಮೂತ್ರ ಕಟ್ಟಿ ಪೈಪ್ ಹಾಕಿಸಬೇಕಾತು. ಹಿಂಗ್ಯಾಕ ಆತು? (ಬ್ಯಾಡಗಿ)

ಮೂತ್ರ ಹೊರಹಾಕಲು ಮೂತ್ರಚೀಲ ಹಿಂಡಬೇಕು, ಚೀಲದ ಬಾಯಿ ಸಡಿಲಾಗಬೇಕು. ಡೈಸೈಕ್ಲೋಮಿನ್ ಕರುಳಿನ ಹಿಂಡುವಿಕೆ ನಿಲ್ಲಿಸುವಾಗ ಮೂತ್ರಚೀಲದ್ದನ್ನೂ ನಿಲ್ಲಿಸುತ್ತದೆ. ನೆಗಡಿ ಗುಳಿಗೆಯ ಕ್ಲೋರ್‌ಫೆನಿರಮಿನ್ ಅದಕ್ಕೆ ಕೈಜೋಡಿಸುತ್ತದೆ. ಅದೇ ಗುಳಿಗೆಯಲ್ಲಿ ಮೂಗು ಬಿಡಿಸಲು ಹಾಕಿರುವ ಫೆನೈಲೆಫ್ರಿನ್ ಚೀಲದ ಬಾಯಿಯನ್ನು ಬಿಗಿ ಹಿಡಿಯುತ್ತದೆ, ಅಂದರೆ ಟ್ಯಾಮ್ಸುಲೋಸಿನ್ ಮಾಡುವ ಕೆಲಸಕ್ಕೆ ನೇರ ವಿರುದ್ಧ. ಮತ್ತೊಮ್ಮೆ ಹೀಗಾದರೆ ಜೀರಿಗೆ ನೀರು, ಬಾರ್ಲಿ ನೀರು ಅಂತ ಕುಡಿಸುತ್ತ ಕೂರಬೇಡಿ, ತುಂಬಿದ ಕೊಡಕ್ಕೆ ಇನ್ನೂ ಸುರಿದಂತೆ. ಹೊಕ್ಕುಳ ಕೆಳಗೆ ಉಬ್ಬಿ ನೋಯುತ್ತಿದ್ದರೆ ಆ ರಾತ್ರಿಯೇ ಹೋಗಿ. ಈಗಿನ ಪೈಪ್ ತೆಗೆದ ಮೇಲೂ ಈ ಎರಡೂ ಗುಳಿಗೆ ಮುಟ್ಟಬಾರದು. ಅಪ್ಪಾರ ಔಷಧ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಡಿ: ಹೊಟ್ಟೆನೋವಿನ ಸೆಳೆತದ ಗುಳಿಗೆ, ನೆಗಡಿ ಗುಳಿಗೆ ಬೇಡ.

ಪ್ರಶ್ನೆ: ನನಗ ಉಬ್ಬಸ. ಮುಖವಾಡ ಹಾಕಿ ಸಾಲ್ಬುಟಮಾಲ್, ಇಪ್ರಟ್ರೋಪಿಯಂ ಎರಡೂ ಕೂಡಿಸಿ ನೆಬ್ಯುಲೈಸರ್ ಕೊಡ್ತಾರ. ನಿನ್ನೆ ಎಡಗಣ್ಣಿನ ಪಾಪೆ ದೊಡ್ಡದಾಗೇತಿ, ಮಬ್ಬು ಕಾಣತೈತಿ. ಲಕ್ವಾ ಹೊಡಿತೇನು ಅಂತ ಮನ್ಯಾಗ ಗಾಬರಿ. (ಹಳೇ ಹುಬ್ಬಳ್ಳಿ)

ಮುಖ ಸೊಟ್ಟಗಾಗಿಲ್ಲ, ಮಾತು ತೊದಲಿಲ್ಲ, ಕೈಕಾಲು ಬಲವಾಗಿವೆ ಅಂದರೆ ಮುಖವಾಡದ ಎಡ ಅಂಚಿನಿಂದ ಹೊಗೆ ಸೋರಿ ಕಣ್ಣಿಗೆ ಹೋಗಿರುವ ಸಾಧ್ಯತೆ ಹೆಚ್ಚು. ಇಪ್ರಟ್ರೋಪಿಯಂ ಕೂಡ ಇದೇ ಜಾತಿಯದು, ಕಣ್ಣಿಗೆ ತಾಗಿದರೆ ಪಾಪೆ ಅರಳಿಸುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೂ ಒಮ್ಮೆ ವೈದ್ಯರಿಂದ ನೋಡಿಸಿಕೊಳ್ಳಿ. ಮೂಗಿನ ಮೇಲಿನ ಪಟ್ಟಿ ಒತ್ತಿ ಕೂರಿಸಿ, ಇಲ್ಲವೇ ಬಾಯಲ್ಲಿ ಕಚ್ಚಿ ಹಿಡಿಯುವ ಮೌತ್‌ಪೀಸ್ ಕೇಳಿ. ಕಣ್ಣು ಕೆಂಪಾಗಿ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಇದ್ದರೆ ಮಾತ್ರ ಕಾಯಬೇಡಿ. ಕೋನ ಕಿರಿದಾದ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ, ಕೆರಳಿರಬಹುದು, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ಅಣ್ಣ ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡೆದು ಬಂದು ವಾಂತಿ ಮಾಡ್ಕೊಂಡ, ಬಾಯಾಗ ನೊರಿ ಬಂತು. ಆಸ್ಪತ್ರ್ಯಾಗ ಅಟ್ರೊಪಿನ್ ಇಂಜೆಕ್ಷನ್ ಮ್ಯಾಲೆ ಇಂಜೆಕ್ಷನ್ ಕೊಟ್ರು. ಮರುದಿನ ಬಾಯಿ ಒಣಗಿ, ಏನೇನೋ ಮಾತಾಡಾಕತ್ತಾನ. ಔಷಧ ಹೆಚ್ಚಾತೇನ್ರಿ? (ಹಾವೇರಿ ಜಿಲ್ಲೆ)

ಮೇಲಿನ ನಾಲ್ಕೂ ಪತ್ರಗಳಲ್ಲಿ ಕಾಟ ಕೊಟ್ಟ ಗುಣವೇ ಇಲ್ಲಿ ಜೀವ ಉಳಿಸುತ್ತದೆ. ಹೊಲಕ್ಕೆ ಹೊಡೆಯುವ ಆರ್ಗನೊಫಾಸ್ಫೇಟ್ ವಿಷ ಅಸಿಟೈಲ್‌ಕೋಲಿನ್ ಕರಗದಂತೆ ಮಾಡುತ್ತದೆ. ಅದು ತುಂಬಿ ಹರಿದು ಶ್ವಾಸಕೋಶದಲ್ಲಿ ನೀರಾಡುತ್ತದೆ. ಆ ಎದೆ ಒಣಗುವ ತನಕ ಅಟ್ರೊಪಿನ್ ಕೊಡಲೇಬೇಕು, ಐದೈದು ನಿಮಿಷಕ್ಕೆ ಪ್ರಮಾಣ ದುಪ್ಪಟ್ಟು ಮಾಡುತ್ತಾ ಹೋಗುವುದೂ ಇದೆ. ಬಾಯಿ ಒಣಗುವುದು ನಿರೀಕ್ಷಿತ. ಆದರೆ ಜ್ವರ, ಬಡಬಡಿಕೆ, ಹಾಸಿಗೆ ಕಿತ್ತುವುದು, ಕರುಳು ಸದ್ದಿಲ್ಲದಿರುವುದು ಇವೆಲ್ಲ ಕೂಡಿದರೆ ಅಟ್ರೊಪಿನ್ ತುಸು ಹೆಚ್ಚಾದ ಗುರುತು. ಆಗ ಸ್ವಲ್ಪ ಹೊತ್ತು ನಿಲ್ಲಿಸಿ ಕಡಿಮೆ ವೇಗದಲ್ಲಿ ಮತ್ತೆ ಶುರುಮಾಡುತ್ತಾರೆ. ವಾರ್ಡಿನವರಿಗೆ ಹೇಳಿ, ಆದರೆ “ಬ್ಯಾಡ್ರಿ, ಬಂದ್ ಮಾಡ್ರಿ” ಎಂದು ಹಟ ಹಿಡಿಯಬೇಡಿ. ಡಬ್ಬಿಯ ಲೇಬಲ್ ಇನ್ನೂ ತೋರಿಸಿರದಿದ್ದರೆ ತಂದು ತೋರಿಸಿ; ಅವತ್ತು ಹಾಕಿದ್ದ ಬಟ್ಟೆಯನ್ನು ಬರಿಗೈಯಲ್ಲಿ ಒಗೆಯಬೇಡಿ.

ಅಣ್ಣ ಚೇತರಿಸಿಕೊಂಡಂತೆ ಕಂಡರೂ ನಾಲ್ಕು ದಿನ ತುಂಬುವ ಮುಂಚೆ ಮನೆಗೆ ಕರೆತರಲು ಅವಸರ ಮಾಡಬೇಡಿ. ಒಂದರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಕುತ್ತಿಗೆಯ, ಉಸಿರಾಟದ ಸ್ನಾಯು ಸೋಲುತ್ತವೆ, ಅದಕ್ಕೆ ಅಟ್ರೊಪಿನ್ ನಾಟುವುದಿಲ್ಲ. ದಿನಕ್ಕೆ ನಾಲ್ಕಾರು ಸಲ ದಿಂಬಿನಿಂದ ತಲೆ ಎತ್ತಲು ಹೇಳಿ. ಎತ್ತಲಾಗದಿದ್ದರೆ, ಅಥವಾ ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದವನು ಹತ್ತಕ್ಕೇ ನಿಂತರೆ, ಆ ಕ್ಷಣವೇ ನರ್ಸನ್ನು ಕರೆಯಿರಿ.