ಮೊದಲು ಕಣ್ಣು ನೋಡಿ, ಆಮೇಲೆ ಪಾದ

ಓದುಗರ ಪತ್ರ: ವಿಡಿಯೊ ಗೇಮ್ ಪಾತ್ರದ ಫಿಗರ್ (ಪ್ಲಾಸ್ಟಿಕ್ ಗೊಂಬೆ) ಒಂದನ್ನು ಕೊಳ್ಳಬೇಕೆಂದಿದ್ದೇನೆ, ಹೆಚ್ಚು ಖರ್ಚು ಮಾಡಲಾರೆ. ಒಂದೇ ದುಡ್ಡಿಗೆ ‘ನಿಯರ್: ಆಟೊಮೇಟಾ’ದ ಟೂಬಿ ಇಪ್ಪತ್ತು ಸೆಂಟಿಮೀಟರ್ ಎತ್ತರದಲ್ಲಿ, ನಿಂತ ಭಂಗಿಯಲ್ಲಿ ಸಿಗುತ್ತಿದೆ, ಕೈಕಾಲು ಆಡಿಸಬಹುದಾದ ಹತ್ತು ಸೆಂಟಿಮೀಟರಿನ ಸೋನಿಕ್ ಕೂಡ ಸಿಗುತ್ತಿದೆ. ಫೋಟೊದಲ್ಲಿ ಎರಡೂ ಚೆನ್ನಾಗಿವೆ. ಹೇಗೆ ತೀರ್ಮಾನಿಸಲಿ? ಹಿಂದೆ ಕೊಂಡ ಇನ್ನೊಂದು ಫಿಗರ್ ಮುಟ್ಟಿದರೆ ಅಂಟಂಟು. ಅದು ನಕಲಿ ಇರಬಹುದೇ?

ಸಂಪಾದಕರ ಉತ್ತರ: ಅಂಟಾದ ಮಾತ್ರಕ್ಕೆ ನಕಲಿ ಎನ್ನಲಾಗದು. ಅದನ್ನು ತೊಳೆಯುವ ಕ್ರಮ ಕೊನೆಯಲ್ಲಿದೆ. ಮೊದಲು ಕೊಳ್ಳುವ ವಿಚಾರ.

ಅಗ್ಗದ ಫಿಗರ್ ಅಂದಮೇಲೆ ತಯಾರಕರು ಎಲ್ಲೋ ಖರ್ಚು ಉಳಿಸಿಯೇ ಇರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲಿ ಉಳಿಸಿದ್ದಾರೆ ಎಂಬುದನ್ನು ನೀವು ಹುಡುಕಬೇಕು. ಪೀಠ ಬರೀ ಕಪ್ಪು ತಟ್ಟೆಯಾಗಿದ್ದರೆ, ಬೆನ್ನ ಕಡೆ ನೆರಳಿನ ಬಣ್ಣ ಹಾಕದಿದ್ದರೆ, ಪೆಟ್ಟಿಗೆಗೆ ಕಿಟಕಿ ಇಲ್ಲದಿದ್ದರೆ ನಿಮಗೇನೂ ನಷ್ಟವಿಲ್ಲ. ಕಣ್ಣಿನಲ್ಲೋ ಪಾದದಲ್ಲೋ ಉಳಿಸಿದ್ದರೆ ಮಾತ್ರ ಎಷ್ಟು ಅಗ್ಗವಾದರೂ ಬೇಡ.

ಖರ್ಚಿನ ದೊಡ್ಡ ಪಾಲು ನುಂಗುವುದು ಬಣ್ಣ. ಬಣ್ಣದ ಭಾಗ ಒಂದೊಂದು ಹೆಚ್ಚಾದಂತೆಲ್ಲ ಇನ್ನೊಂದು ಮಾಸ್ಕ್ (ಬಣ್ಣ ಬೇಡದ ಜಾಗ ಮುಚ್ಚುವ ಹೊದಿಕೆ), ಇನ್ನೊಂದು ಸ್ಪ್ರೇ, ಇನ್ನೊಂದು ಜೋಡಿ ಕೈ ಬೇಕಾಗುತ್ತದೆ. ಅದಕ್ಕೇ ಅಗ್ಗದ ಫಿಗರ್‌ಗಳಲ್ಲಿ ಪ್ಲಾಸ್ಟಿಕ್ಕಿಗೇ ಬಣ್ಣ ಬೆರೆಸಿ ಅಚ್ಚು ಹಾಕಿ, ಹಾಗೇ ಬಿಟ್ಟಿರುತ್ತಾರೆ. ಕಿರ್ಬಿ ಎಂಬ ಗೇಮ್ ಪಾತ್ರಕ್ಕೆ ಇದು ಸಾಕೇ ಸಾಕು: ಗುಲಾಬಿ ಗುಂಡು ಮೈ, ಕೆಂಪು ಪಾದ, ಎರಡು ಕಣ್ಣು. ಮೆಗಾಮ್ಯಾನ್, ಪ್ಯಾಕ್‌ಮ್ಯಾನ್ ಕೂಡ ಇದರಲ್ಲಿ ಸೋಲುವುದಿಲ್ಲ. ಮನುಷ್ಯರ ಚರ್ಮ ಹಾಗಲ್ಲ. ಬಣ್ಣ ಹಚ್ಚದ ಚರ್ಮದ ಪ್ಲಾಸ್ಟಿಕ್ ಮೇಣದ ಹಾಗೆ ಹೊಳೆಯುತ್ತದೆ. ‘ಮೆಟ್ರಾಯ್ಡ್’ ಗೇಮಿನ ಸಾಮಸ್‌ಳ ಕವಚ ಲೋಹದ ಹೊಳಪಿಲ್ಲದೆ ಆಟಿಕೆಯಂತೆ ಕಾಣುತ್ತದೆ. ಬೆಲ್ಟು, ಬಕಲು, ಪಟ್ಟಿಗಳಿಂದ ತುಂಬಿದ ಪಾತ್ರವನ್ನು ಕಡಿಮೆ ಬೆಲೆಯಲ್ಲಿ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

ಈ ಕಣ್ಣಿನಿಂದ ನೋಡಿದರೆ ಟೂಬಿ ಅಗ್ಗದ ಫಿಗರ್‌ಗೆ ಹೇಳಿ ಮಾಡಿಸಿದ ಪಾತ್ರ. ಮುಖ ಕೆಡುವುದು ಹೆಚ್ಚಾಗಿ ಕಣ್ಣಿನ ಮುದ್ರಣದಲ್ಲಿ. ಕಣ್ಣನ್ನು ಮೆದುವಾದ ಸಿಲಿಕೋನ್ ಪ್ಯಾಡಿನಿಂದ ಒತ್ತಿ ಅಚ್ಚು ಹಾಕುತ್ತಾರೆ. ಅರ್ಧ ಮಿಲಿಮೀಟರ್ ಸರಿದರೂ ಪಾತ್ರಕ್ಕೆ ಮೆಳ್ಳೆಗಣ್ಣು. ಟೂಬಿಗೆ ಕಣ್ಣುಪಟ್ಟಿ ಇರುವುದರಿಂದ ಆ ಅಪಾಯವೇ ಇಲ್ಲ. ಅವಳಲ್ಲಿ ನೋಡಬೇಕಾದದ್ದು ಕಪ್ಪು ಬಿಳಿ ಸೇರುವ ಗಡಿ. ಕಣ್ಣುಪಟ್ಟಿಯ ಅಂಚು ಕೆನ್ನೆಯ ಮೇಲೆ ಗರಗಸದ ಹಲ್ಲಿನಂತಿದೆಯೇ? ಎದೆಯ ಬಳಿ ಉಡುಪಿನ ಕಪ್ಪು ಬಣ್ಣ ಚರ್ಮದ ಮೇಲೆ ಹರಡಿದೆಯೇ? ಬಿಳಿ ಕೂದಲಿನ ತುದಿ ಕುತ್ತಿಗೆಯ ಬಳಿಯ ಕಪ್ಪು ಉಡುಪಿಗೆ ತಾಗುವಲ್ಲಿ ಬೂದು ಕಲೆ ಇದೆಯೇ? ಮೃದುವಾದ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಕಪ್ಪು ಬಣ್ಣ ಪಕ್ಕದ ತಿಳಿಬಣ್ಣಕ್ಕೆ ನಿಧಾನವಾಗಿ ಇಳಿಯುತ್ತದೆ, ಆ ಕಲೆ ಒರೆಸಿದರೆ ಹೋಗುವುದಿಲ್ಲ. ಪೆಟ್ಟಿಗೆಯೊಳಗೆ ಕೂದಲಿಗೂ ಮೈಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟಿರುವುದು ಇದೇ ಕಾರಣಕ್ಕೆ. ಫಿಗರ್ ಮತ್ತೆ ಪೆಟ್ಟಿಗೆ ಸೇರುವುದಾದರೆ ಹಾಳೆಯನ್ನು ಎಸೆಯಬೇಡಿ.

ಸೋನಿಕ್ ಕಡೆ ಲೆಕ್ಕ ಬೇರೆ. ಒಂದೊಂದು ಕೀಲಿಗೂ ಪ್ರತ್ಯೇಕ ತುಂಡು, ಪ್ರತ್ಯೇಕ ಅಚ್ಚು, ಜೋಡಿಸುವ ಕೂಲಿ. ಹಣ ಅಲ್ಲಿ ಹೋದಷ್ಟು ಬಣ್ಣಕ್ಕೆ ಕಡಿಮೆ ಉಳಿಯುತ್ತದೆ. ಮೈ ನೀಲಿ ಪ್ಲಾಸ್ಟಿಕ್ಕಾದ್ದರಿಂದ ಅದು ಎದ್ದು ಕಾಣದು, ನಿಜ. ಆದರೆ ತಲೆ ದೊಡ್ಡದು, ಕಾಲು ಕಡ್ಡಿ. ಭಾರವೆಲ್ಲ ಕಣಕಾಲಿನ ಮೇಲೆ. ಅಲ್ಲಿನ ಕೀಲು ಸಡಿಲವಿದ್ದರೆ ಸೋನಿಕ್ ಒಂದು ದಿನವೂ ನೆಟ್ಟಗೆ ನಿಲ್ಲುವುದಿಲ್ಲ. ಹೊಸದರಲ್ಲಿ ಕೀಲು ಬಿಗಿಯಾಗಿದ್ದರೆ ಬಲ ಹಾಕಿ ತಿರುಗಿಸಬೇಡಿ, ಒಳಗಿನ ಪಿನ್ ತುಂಡಾಗುತ್ತದೆ. ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು ಮೆಲ್ಲಗೆ ಆಡಿಸಿ.

ಮಾರಾಟದ ಫೋಟೊಗಳನ್ನು ನೋಡಿ ತೀರ್ಮಾನಿಸಬೇಡಿ. ಅವು ಬಹುತೇಕ ಕೈಯಲ್ಲಿ ಬಣ್ಣ ಹಾಕಿದ ಮಾದರಿಯವು. ಕೊಂಡವರು ಮಾಮೂಲಿ ಬೆಳಕಿನಲ್ಲಿ ತೆಗೆದ ಫೋಟೊ ಹುಡುಕಿ. ಎದುರು, ಪಕ್ಕ, ಪೀಠ ಮೂರೂ ಇರಲಿ. ಆಸರೆಯ ಕಡ್ಡಿ ಎಲ್ಲಿದೆ ಎಂಬುದು ಪಕ್ಕದ ನೋಟದಲ್ಲೇ ಗೊತ್ತಾಗುವುದು. 2014ರ ಲಿಂಕ್ ಅಮೀಬೊದಲ್ಲಿ (‘ಜೆಲ್ಡಾ’ ಗೇಮಿನ ನಾಯಕ ಲಿಂಕ್‌ನ, ನಿಂಟೆಂಡೊ ತಂದ ಫಿಗರ್) ಕಾಲಿನ ಬಳಿಯ ಹಳದಿ ಛಾಯೆಯ ಆಸರೆ ಎಲ್ಲರ ಕಣ್ಣಿಗೂ ಕುಕ್ಕಿತ್ತು. ಎತ್ತರದ ಅಂಕಿಯನ್ನೂ ನಂಬಬೇಡಿ, ಅದರಲ್ಲಿ ಪೀಠ, ಎತ್ತಿ ಹಿಡಿದ ಕತ್ತಿ ಸೇರಿರಬಹುದು. 160 ಸೆಂ.ಮೀ. ಎತ್ತರದ ಪಾತ್ರ 1/8 ಅಳತೆಯಲ್ಲಿ 20 ಸೆಂ.ಮೀ., 1/7ರಲ್ಲಿ ಸುಮಾರು 23 ಸೆಂ.ಮೀ. ಬರುತ್ತದೆ. ಬನ್‌ಪ್ರೆಸ್ಟೊ, ಟೈಟೊ, ಫುರ್ಯು ಬ್ರ್ಯಾಂಡ್‌ಗಳ ಪ್ರೈಜ್ ಫಿಗರ್‌ಗಳು ಜಪಾನಿನ ಕ್ರೇನ್ ಗೇಮ್‌ಗಳಲ್ಲಿ (ದುಡ್ಡು ಹಾಕಿ ಕೊಕ್ಕೆಯಿಂದ ಬಹುಮಾನ ಎತ್ತುವ ಯಂತ್ರ) ಗೆಲ್ಲಲೆಂದು ಮಾಡಿದವು. ಹೆಚ್ಚಿನವಕ್ಕೆ ಅಳತೆಯ ಅನುಪಾತ ಇರುವುದಿಲ್ಲ, ಅಂಗಡಿ ಬೆಲೆಯೂ ಇರುವುದಿಲ್ಲ. ಮಾರುವವರು ಹೇಳಿದ್ದೇ ಬೆಲೆ. ನಾಲ್ಕು ಕಡೆ ವಿಚಾರಿಸಿ.

ನಕಲಿಯನ್ನು ಗುರುತಿಸಲು ಪೀಠದಡಿ ಅಥವಾ ಪಾದದಡಿ ಹಕ್ಕುಸ್ವಾಮ್ಯದ ಮುದ್ರೆ ನೋಡಿ. ಎಣ್ಣೆ ಹಚ್ಚಿದಂತೆ ಹೊಳೆಯುವ ಚರ್ಮ, ತೆರೆದ ಕೂಡಲೇ ಮೂಗಿಗೆ ಬಡಿಯುವ ರಾಸಾಯನಿಕ ವಾಸನೆ, ರಂಧ್ರಕ್ಕೆ ಕೂರದ ಪೀಠದ ಮೊಳೆ ಕೂಡಿ ಬಂದರೆ ಅನುಮಾನವೇ ಬೇಡ.

ನಮ್ಮ ಮತ ಟೂಬಿಗೆ. ಆದರೆ ಪಾದ ನೋಡಿಯೇ ಕೊಳ್ಳಿ. ಎರಡೂ ಪಾದ ಪೀಠಕ್ಕೆ ಸೇರಿದ್ದರೆ ಒಳ್ಳೆಯದು. ಒಂಟಿ ಕಾಲಿನ ತೆಳು ಕಣಕಾಲಿನ ಮೇಲೆ ಇಡೀ ಮೈ ನಿಂತಿದ್ದರೆ ಸೆಕೆಗಾಲದಲ್ಲಿ ಪಿವಿಸಿ ಮೆತ್ತಗಾಗಿ ವಾಲುತ್ತದೆ. ವಾಲಿದರೆ ಆ ಕಾಲನ್ನು ಮಾತ್ರ 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಾಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ, ಬಣ್ಣ ಏಳುತ್ತದೆ.

ಇನ್ನು ನಿಮ್ಮ ಅಂಟಂಟಿನ ಫಿಗರ್. ಪಿವಿಸಿಯನ್ನು ಮೃದುವಾಗಿಸಲು ಬೆರೆಸಿದ ಪ್ಲಾಸ್ಟಿಸೈಜರ್ ಮೇಲ್ಮೈಗೆ ಜಿನುಗಿದೆ, ಅಷ್ಟೇ. ಮುಚ್ಚಿದ ಪೆಟ್ಟಿಗೆಯಲ್ಲಿ, ಬಿಸಿ ಜಾಗದಲ್ಲಿ ಇಟ್ಟರೆ ಇದು ಬೇಗ ಕಾಣಿಸಿಕೊಳ್ಳುತ್ತದೆ, ಅಸಲಿಗೂ ಬರುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಐದಾರು ಹನಿ ಬೆರೆಸಿ, ಮೆತ್ತನೆಯ ಬ್ರಷ್‌ನಿಂದ ಮಡಿಕೆಗಳನ್ನೂ ಬಿಡದೆ ಸವರಿ, ಬೇರೆ ನೀರಿನಲ್ಲಿ ತೊಳೆಯಿರಿ. ಸ್ಪಿರಿಟ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಅಮೀಬೊ ಆಗಿದ್ದರೆ ಪೀಠದೊಳಗೆ ಚಿಪ್ ಇರುತ್ತದೆ, ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಗಾಳಿಯಾಡುವ ಕಪಾಟಿನಲ್ಲಿಡಿ. ಕೆಲವು ತಿಂಗಳಲ್ಲಿ ಅಂಟು ಮರಳಿದರೆ ಗಾಬರಿಯಾಗಬೇಡಿ, ಹೀಗೇ ಮತ್ತೆ ತೊಳೆಯಿರಿ.