ದಿನಾ ನಡೆದರೂ ತೂಕ ಏಕೆ ಇಳಿಯುತ್ತಿಲ್ಲ?

ಪ್ರಶ್ನೆ: ಮೂರು ತಿಂಗಳಿಂದ ಹಾಸನದ ಮಹಾರಾಜ ಪಾರ್ಕಿನಲ್ಲಿ ದಿನಾ ಒಂದು ಗಂಟೆ ನಡೆಯುತ್ತಿದ್ದೇನೆ. ತೂಕ 70 ಕೆ.ಜಿ.ಯಲ್ಲೇ ನಿಂತಿದೆ. ಇನ್ನೂ ಹೆಚ್ಚು ನಡೆಯಬೇಕೆ?
– ಓದುಗರು, ಹಾಸನ

ಉತ್ತರ: ನಡಿಗೆ ಬಿಡಬೇಡಿ, ಆದರೆ ಲೆಕ್ಕ ನೋಡಿ. ನಿಮ್ಮ ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು. ಒಂದು ಕಿಲೋ ಕೊಬ್ಬಿನಲ್ಲಿರುವುದು ಹೆಚ್ಚುಕಡಿಮೆ 7,700. ನಡೆದು ಬಂದ ಹಸಿವಿಗೆ ಇನ್ನೊಂದು ಅಕ್ಕಿರೊಟ್ಟಿ, ಮೇಲೆ ಎರಡು ಚಮಚ ಸಕ್ಕರೆಯ ಕಾಫಿ ಸೇರಿದರೆ ಅಲ್ಲಿಗಲ್ಲಿಗೆ ಸರಿಹೋಯಿತು! ಹೆಚ್ಚಿನವರು ಎಡವುವುದು ಇಲ್ಲೇ. ರೊಟ್ಟಿ ಒಂದು ಕಡಿಮೆ ಮಾಡಿ, ಹುರುಳಿಕಾಳಿನ ಪಲ್ಯ, ಸೊಪ್ಪಿನ ಸಾರು ಹೆಚ್ಚಿಸಿ.

ಹರಟುತ್ತಾ ನಿಧಾನ ಸುತ್ತಿದರೆ ಸಾಲದು. ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಹೆಜ್ಜೆ ಬೀಳಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಹತ್ತತ್ತರಂತೆ ಮೂರು ಸಲ ಮಾಡಿ, ತೊಡೆಯ ಸ್ನಾಯು ಉಳಿಯುತ್ತದೆ. ಮಂಡಿನೋವಿದ್ದರೆ ಇಳಿಜಾರು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಲೇಬೇಕು.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಎಷ್ಟೋ ಸಲ ಮೊದಲು ಇಳಿಯುವುದು ಅದೇ.